ಜಡೆಯೂ ಈಜೂ

ನಮ್ಮ ನಾಡಿನ ಮನೆಗಳಲ್ಲಿ ಹೆಣ್ಣುಮಗುವಿನ ಜಡೆಯೆಂಬುದು ಆ ಮಗುವೊಬ್ಬಳ ಸ್ವತ್ತಲ್ಲ. ಅದು ಇಡೀ ಸಂಸಾರದ ಸ್ವತ್ತು. ಅದಕ್ಕೆ ಎಣ್ಣೆ ಹಚ್ಚುವವಳು ಅಜ್ಜಿ, ಹೆಣೆಯುವವಳು ತಾಯಿ, ಹೂ ತರುವವನು ತಂದೆ, ಹಿಡಿದೆಳೆಯುವವನು ತಮ್ಮ. ಬೇಸಗೆಯಲ್ಲಿ ಮಲ್ಲಿಗೆ ಮೊಗ್ಗು ಧಾರಾಳವಾಗಿ ದೊರೆಯುವ ಕಾಲದಲ್ಲಿ ಮೊಗ್ಗಿನ ಜಡೆ ಹಾಕಿಸಿ, ಕನ್ನಡಿಯ ಮುಂದೆ ಬೆನ್ನು ತಿರುಗಿಸಿ ನಿಲ್ಲಿಸಿ ತೆಗೆಯಿಸಿದ ಭಾವಚಿತ್ರವೊಂದು ಹಳೆಯ ಮೈಸೂರು ಸೀಮೆಯ ಎಷ್ಟೋ ಮನೆಗಳ ಗೋಡೆಯ ಮೇಲೆ ಇಂದಿಗೂ ಇರುವುದು. ಹೀಗಿರಲಾಗಿ, ಹುಡುಗಿಯೊಬ್ಬಳು ತಾನು ಈಜು ಕಲಿಯುವೆನೆಂದು ಹೇಳಿದೊಡನೆ ಮನೆಯವರಿಗೆ ಮೊದಲು ನೆನಪಾಗುವುದು ಅವಳ ಕೈಕಾಲಲ್ಲ, ಉಸಿರಲ್ಲ, ಜಡೆ. “ಕೂದಲೆಲ್ಲ ಹಾಳಾಗಿ ಹೋಗುತ್ತದೆ” ಎಂಬ ಒಂದು ಮಾತಿನಿಂದ ಎಷ್ಟು ಮಂದಿ ಹುಡುಗಿಯರ ಆಸೆ ಹೊಸಿಲು ದಾಟದೆ ನಿಂತಿರುವುದೋ ಲೆಕ್ಕವಿಟ್ಟವರಿಲ್ಲ.

ಈ ಆಕ್ಷೇಪಣೆ ಸುಳ್ಳೆಂದು ನಾವು ಹೇಳುವವರಲ್ಲ. ಈಜುಕೊಳದ ನೀರು ಕೂದಲಿಗೆ ಅಹಿತವೆಂಬುದು ನಿಜ. ಆದರೆ ನೆಗಡಿ ಬಂದಿತೆಂದು ಮೂಗನ್ನು ಕೊಯ್ದುಕೊಳ್ಳುವವರುಂಟೆ? ಅಹಿತವು ಯಾವುದು, ಎಷ್ಟು, ಹೇಗೆ ಬರುವುದು, ಅದನ್ನು ತಡೆಯುವ ಬಗೆ ಯಾವುದು ಎಂಬುದನ್ನು ಅರಿತರೆ ಜಡೆಯನ್ನೂ ಉಳಿಸಬಹುದು, ಈಜನ್ನೂ ಕಲಿಸಬಹುದು. ಇದನ್ನು ನಮ್ಮ ವಾಚಕರ ಮುಂದೆ ಇರಿಸಬೇಕೆಂಬ ಇಚ್ಛೆ ನಮಗೆ ಬಲವಾದುದು ತುಮಕೂರು ಜಿಲ್ಲೆಯ ಕುಣಿಗಲು ತಾಲ್ಲೂಕಿನ ಮಾರ್ಕೋನಹಳ್ಳಿಯ ಜಲಾಶಯದ ದಡದಲ್ಲಿ.

ಯಡಿಯೂರಿನ ಸಿದ್ಧಲಿಂಗೇಶ್ವರರ ದರ್ಶನಕ್ಕೆ ಹೋದವರಲ್ಲಿ ಅನೇಕರು ಮಾರ್ಕೋನಹಳ್ಳಿಯನ್ನೂ ನೋಡಿಕೊಂಡು ಬರುವುದುಂಟು. ದೇವರಾಯನದುರ್ಗದ ಕಡೆಯ ಬೆಟ್ಟಗಳಲ್ಲಿ ಹುಟ್ಟಿ, ಗುಬ್ಬಿಯ ಸೀಮೆಯನ್ನು ಹಾದು, ಕಡೆಗೆ ಕಾವೇರಿಯನ್ನು ಸೇರುವ ಶಿಂಷಾ ನದಿಗೆ ನಾಲ್ವಡಿ ಕೃಷ್ಣರಾಜ ಒಡೆಯರವರ ಆಳಿಕೆಯ ಕಾಲದಲ್ಲಿ ಇಲ್ಲಿ ಕಟ್ಟೆಯನ್ನು ಹಾಕಲಾಯಿತು. ಸರ್ ಮಿರ್ಜಾ ಇಸ್ಮಾಯಿಲ್ಲರು ಆಗ ದಿವಾನರು. ನಡುವೆ ಕಲ್ಲಿನ ಕಟ್ಟಡ, ಎರಡು ಪಕ್ಕದಲ್ಲಿಯೂ ಉದ್ದವಾದ ಮಣ್ಣಿನ ಏರಿ. ಕೆಳಗೆ ತೆಂಗು, ಅಡಕೆ, ಬತ್ತ. ಈ ಕಟ್ಟೆಯ ವಿಶೇಷವೇನೆಂದರೆ, ಹೆಚ್ಚಾದ ನೀರನ್ನು ಹೊರಕ್ಕೆ ಬಿಡಲು ಇಲ್ಲಿ ಬಾಗಿಲೆತ್ತುವ ಮನುಷ್ಯನು ಬೇಕಿಲ್ಲ. ನೀರು ಗೊತ್ತಾದ ಮಟ್ಟವನ್ನು ಮೀರಿದೊಡನೆ ‘ಸೈಫನ್’ ಎಂಬ ಬಾಗಿದ ಕೊಳವೆಗಳು ತಾವಾಗಿಯೇ ನೀರನ್ನು ಸೆಳೆದು ಆಚೆಗೆ ರಭಸದಿಂದ ಸುರಿಯತೊಡಗುವುವು. ಮಟ್ಟವಿಳಿದರೆ ತಾವಾಗಿಯೇ ನಿಲ್ಲುವುವು. ಪಾತ್ರೆಯಿಂದ ಪಾತ್ರೆಗೆ ಕೊಳವೆಯ ಮೂಲಕ ಸೀಮೆಎಣ್ಣೆಯನ್ನು ಎಳೆದಿಳಿಸುತ್ತಿದ್ದುದನ್ನು ನೋಡಿದವರಿಗೆ ಇದರ ತತ್ತ್ವವು ಸುಲಭವಾಗಿ ತಿಳಿಯುವುದು.

ರಜೆಯ ದಿನ ನಾವು ಅಲ್ಲಿಗೆ ಹೋದಾಗ ದಡದಲ್ಲಿ ಹತ್ತಾರು ಸಂಸಾರಗಳು ಬುತ್ತಿ ಬಿಚ್ಚಿ ಕುಳಿತಿದ್ದುವು. ಗಂಡುಹುಡುಗರು ಹಿರಿಯರ ಗದರಿಕೆಯನ್ನೂ ಲೆಕ್ಕಿಸದೆ ನೀರಿಗೆ ಬೀಳುತ್ತಿದ್ದರು. ಹೆಣ್ಣುಮಕ್ಕಳು ಲಂಗವನ್ನು ಕಣಕಾಲಿನವರೆಗೆ ಎತ್ತಿಕೊಂಡು, ಜಡೆಯನ್ನು ಹೆಗಲ ಮುಂದಕ್ಕೆ ತಂದು ಹಿಡಿದುಕೊಂಡು, ನೀರಿನಂಚಿನಲ್ಲಿ ನಿಂತಿದ್ದರು. ಒಬ್ಬಳಿಗಾದರೂ ಈಜು ಬಾರದು. ಆದರೂ ನೀರು ಅವರನ್ನು ಕರೆಯದೆ ಬಿಡುವುದೆ? ಒಂದೊಂದೇ ಹೆಜ್ಜೆ ಮುಂದಕ್ಕೆ ಹೋಗುತ್ತಲೇ ಇದ್ದರು. ಅಲ್ಲಿಯೇ ಸಂಕಟವಿರುವುದು. ೨೦೨೫ರ ಅಕ್ಟೋಬರಿನಲ್ಲಿ ಇದೇ ಮಾರ್ಕೋನಹಳ್ಳಿಗೆ ವಿಹಾರಕ್ಕೆಂದು ಬಂದಿದ್ದ ಒಂದೇ ಕುಟುಂಬದ ಹಲವರು, ಹೆಂಗಸರೂ ಮಕ್ಕಳೂ ಸೇರಿ, ನೀರಿನ ಪಾಲಾದರು. ಆ ಸುದ್ದಿಯನ್ನು ಓದಿದ ದಿನ ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಿಬಿಡಬೇಕು. ಅಣೆಕಟ್ಟಿನ ನೀರು ಈಜು ಕಲಿಯುವ ಸ್ಥಳವಲ್ಲ; ಈಜು ಬಲ್ಲವರೂ ಅಲ್ಲಿ ಇಳಿಯಕೂಡದು. ತಾನಾಗಿ ನೀರು ಬಿಡುವ ಕಟ್ಟೆಯ ಕೆಳಗೆ, ಈಗ ಮೊಣಕಾಲುದ್ದವಿರುವ ಹರಿವು ಸ್ವಲ್ಪ ಹೊತ್ತಿನಲ್ಲಿಯೇ ಆಳುದ್ದವಾಗಬಹುದು. ಅಂಥ ರಭಸಕ್ಕೆ ಎಂಥ ಈಜುಗಾರನ ತೋಳೂ ಎದುರಾಗಲಾರದು. ಆದರೆ ಕೆರೆ, ಬಾವಿ, ಕಾಲುವೆ, ಕೃಷಿಹೊಂಡಗಳು ಮನೆಯ ಸುತ್ತಲೂ ಇರುವ ನಮ್ಮ ಜಿಲ್ಲೆಯಲ್ಲಿ, ಕಾಲು ಜಾರಿ ಬಿದ್ದ ಮಗುವು ನಾಲ್ಕು ನಿಮಿಷ ತೇಲಿಕೊಂಡಿರಬಲ್ಲುದಾದರೆ ಆ ನಾಲ್ಕು ನಿಮಿಷದಲ್ಲಿ ಒಬ್ಬರು ಹಗ್ಗ ತಂದಾರು. ಅಲ್ಲದೆ, ನೀರಿನಲ್ಲಿ ನುರಿತವಳಿಗೆ ನೀರಿನ ಭಯವೂ ತಿಳಿದಿರುವುದು. ಎಲ್ಲಿ ಇಳಿಯಬಾರದೆಂಬುದು ಏನೂ ಅರಿಯದವಳಿಗಿಂತ ಅವಳಿಗೆ ಚೆನ್ನಾಗಿ ಗೊತ್ತು. ವಿಶ್ವ ಆರೋಗ್ಯ ಸಂಸ್ಥೆಯು ೨೦೨೪ರಲ್ಲಿ ಪ್ರಕಟಿಸಿದ ವರದಿಯಂತೆ ೨೦೨೧ನೆಯ ಇಸವಿಯೊಂದರಲ್ಲಿಯೇ ಪ್ರಪಂಚದಲ್ಲಿ ಸುಮಾರು ೩ ಲಕ್ಷ ಮಂದಿ ನೀರಿನಲ್ಲಿ ಮುಳುಗಿ ಮಡಿದರು. ಮಕ್ಕಳಿಗೆ ಈಜಿನ ಪ್ರಾಥಮಿಕ ಪಾಠವನ್ನು ಕಲಿಸಬೇಕೆಂಬುದು ಆ ಸಂಸ್ಥೆಯು ಹೇಳುವ ಉಪಾಯಗಳಲ್ಲೊಂದು. ಈ ಪಾಠಕ್ಕೆ ಜಡೆಯು ಅಡ್ಡಬರಬಾರದು.

ನಮ್ಮ ಮನೆಯಲ್ಲಿಯೂ ಅದು ಅಡ್ಡಬಂದಿತು. ನಮ್ಮ ತಮ್ಮನ ಮಗಳಿಗೆ ಹನ್ನೆರಡು ವರ್ಷ; ಸೊಂಟದ ಕೆಳಗಿಳಿಯುವ ಜಡೆ. ಬೇಸಗೆಯ ರಜೆಯಲ್ಲಿ ತುಮಕೂರಿನ ಈಜುಕೊಳವೊಂದರಲ್ಲಿ ಅವಳನ್ನು ಸೇರಿಸಬೇಕೆಂಬ ಮಾತು ಬಂದಾಗ ನಮ್ಮ ತಾಯಿಯವರು, “ಆ ಔಷಧಿ ನೀರಿನಲ್ಲಿ ಮಗೂನ ಅದ್ದಿದರೆ ಜಡೆ ತೆಂಗಿನ ನಾರಾಗುತ್ತೆ. ನಾನು ಹನ್ನೆರಡು ವರ್ಷ ಎಣ್ಣೆ ಹಾಕಿ ಸಾಕಿದ್ದು ಇದಕ್ಕೇನಪ್ಪ?” ಎಂದರು. ಹುಡುಗಿಯ ತಾಯಿ, “ಹಾಗಾದರೆ ಕತ್ತರಿಸಿಬಿಡೋಣ ಅತ್ತೆ, ರಜೆ ಮುಗಿಯುವ ಹೊತ್ತಿಗೆ ಒಂದಿಷ್ಟು ಬೆಳೆಯುತ್ತದೆ” ಎಂದಳು. ಹುಡುಗಿಯು ಇಬ್ಬರ ಮಾತಿಗೂ ಒಪ್ಪದೆ, “ದೊಡ್ಡಪ್ಪ, ನನಗೆ ಎರಡೂ ಬೇಕು” ಎಂದು ನಮ್ಮ ಮುಖವನ್ನು ನೋಡಿದಳು. ಎರಡೂ ಬೇಕೆನ್ನುವುದು ಅತ್ಯಾಸೆಯೇನೂ ಅಲ್ಲವೆಂದು ನಮಗೆ ತೋರಿತು. ಆದುದರಿಂದ ತಿಳಿದವರನ್ನು ಕೇಳಿ, ಓದಿ, ಮನೆಯಲ್ಲಿ ಎರಡು ತಿಂಗಳು ನಡೆಸಿ ನೋಡಿದುದನ್ನು ಇಲ್ಲಿ ಬರೆಯುತ್ತಿರುವೆವು.

ಮೊದಲು ಕೂದಲೆಂದರೇನೆಂಬುದನ್ನು ತಿಳಿಯಬೇಕು. ಚರ್ಮದ ಒಳಗಿರುವ ಬೇರು ಮಾತ್ರವೇ ಜೀವವುಳ್ಳದ್ದು. ಹೊರಗೆ ಬಂದ ಎಳೆಯು ಉಗುರಿನಂತೆ ನಿರ್ಜೀವವಾದ ವಸ್ತು; ಕೆರಾಟಿನ್ ಎಂಬ ಸಸಾರಜನಕದಿಂದ ಆದುದು. ಅದರ ಮೈಮೇಲೆ ಸೂಕ್ಷ್ಮವಾದ ಪೊರೆಗಳು ನಾಡಹೆಂಚಿನ ಮನೆಯ ಮಾಡಿನಂತೆ ಒಂದರ ಮೇಲೊಂದು ಹೊದಿಸಿಕೊಂಡಿರುವುವು. ಹೆಂಚಿನ ತುದಿಗಳು ಕೂದಲಿನ ತುದಿಯ ಕಡೆಗೆ ಮುಖ ಮಾಡಿರುವುವು. ಒಳಗೆ ತೆಂಗಿನ ನಾರಿನ ಹುರಿಯಂತೆ ಉದ್ದುದ್ದನೆಯ ತಂತುಗಳು ಹೆಣೆದುಕೊಂಡಿರುವುವು. ಹೆಂಚು ಸರಿಯಾಗಿ ಕುಳಿತಿರುವಾಗ ಕೂದಲು ನುಣುಪಾಗಿ ಹೊಳೆಯುವುದು. ಹೆಂಚೆದ್ದರೆ ಎಳೆಗೆ ಎಳೆ ಸಿಕ್ಕಿಕೊಳ್ಳುವುದು. ಹೆಂಚು ಹಾರಿಹೋದರೆ ಒಳಗಿನ ಹುರಿ ಬಿಚ್ಚಿಕೊಂಡು ತುದಿ ಸೀಳುವುದು.

ಇದರಿಂದ ಎರಡು ಸಂಗತಿಗಳು ಸಿದ್ಧವಾಗುವುವು. ಈಜುಕೊಳದ ನೀರು ಬೇರಿಗೆ ಏನನ್ನೂ ಮಾಡದೆ ಎಳೆಯನ್ನು ಮಾತ್ರ ಕೆಡಿಸುವುದಾದ್ದರಿಂದ, ಈಜಿದವಳ ತಲೆ ಬೋಳಾಗುವುದೆಂಬ ಭಯಕ್ಕೆ ಆಧಾರವಿಲ್ಲ. ಇದು ಸಮಾಧಾನದ ಸಂಗತಿ. ಇನ್ನೊಂದು ಎಚ್ಚರಿಕೆಯದು. ಎಳೆಯು ನಿರ್ಜೀವವಾದುದರಿಂದ, ಒಮ್ಮೆ ಕೆಟ್ಟರೆ ಗಾಯ ಮಾಯುವಂತೆ ಅದು ಮಾಯಲಾರದು. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚಾಗಿ ಬೆಳೆಯುವುದು. ಸೊಂಟ ಮುಟ್ಟುವ ಜಡೆಯ ತುದಿಗೆ ಐದಾರು ವರ್ಷ ವಯಸ್ಸು. ಅದು ಅಷ್ಟು ವರ್ಷಗಳ ಬಿಸಿಲು, ಬಾಚಣಿಗೆ, ಸೀಗೆ, ಸಾಬೂನುಗಳನ್ನೆಲ್ಲ ಕಂಡುಬಂದಿರುವುದು. ಆದ್ದರಿಂದ ರಕ್ಷಣೆಯೆಲ್ಲವೂ ಮುಖ್ಯವಾಗಿ ತುದಿಗೇ ಬೇಕು; ನಾವಾದರೋ ಸಾಮಾನ್ಯವಾಗಿ ನೆತ್ತಿಗೆ ಎಣ್ಣೆ ತಟ್ಟಿ ತುದಿಯನ್ನು ಮರೆಯುವೆವು.

ಇನ್ನು ನೀರಿನ ಸಂಗತಿ. ಬರಿಯ ನೀರು ಕೂಡ ಕೂದಲಿಗೆ ನಿರಪಾಯಕರವಲ್ಲ. ಕೂದಲು ತನ್ನ ತೂಕದ ಸುಮಾರು ಮೂರರಲ್ಲೊಂದು ಪಾಲು ನೀರನ್ನು ಹೀರಿಕೊಳ್ಳಬಲ್ಲುದು. ಹೀರಿದಾಗ ಉಬ್ಬುವುದು, ಒಣಗಿದಾಗ ಕುಗ್ಗುವುದು. ಉಬ್ಬಿದಾಗ ಹೆಂಚುಗಳು ಮೇಲೇಳುವುವು. ದಿನದಿನವೂ ಗಂಟೆಗಟ್ಟಲೆ ಹೀಗಾದರೆ ಹೆಂಚುಗಳು ಸಡಿಲವಾಗದೆ ಇರುವುವೆ? ಇದರ ಮೇಲೆ ಈಜುಕೊಳದಲ್ಲಿ ಕ್ಲೋರೀನು ಇರುವುದು. ನೂರಾರು ಮಂದಿ ಇಳಿಯುವ ನೀರಿನಲ್ಲಿ ರೋಗಬೀಜಗಳು ಹರಡದಂತೆ ಲೀಟರಿಗೆ ಒಂದರಿಂದ ಮೂರು ಮಿಲಿಗ್ರಾಮಿನಷ್ಟು ಕ್ಲೋರೀನನ್ನು ಉಳಿಸಿಕೊಂಡಿರುವುದು ವಾಡಿಕೆ. ಹಳ್ಳಿಯ ಬಾವಿಗೂ ನಲ್ಲಿಯ ತೊಟ್ಟಿಗೂ ಬೆರೆಸುವ ಬ್ಲೀಚಿಂಗ್ ಪೌಡರಿನ ಗುಣವೂ ಇದೇ. ರೋಗಬೀಜವನ್ನು ಸುಡುವ ಈ ಗುಣವೇ ಕೂದಲಿನ ಮೈಮೇಲಿನ ಸಹಜವಾದ ಜಿಡ್ಡನ್ನು ತೆಗೆದುಹಾಕಿ, ಕೆರಾಟಿನ್ನನ್ನೂ ಅಷ್ಟಿಷ್ಟಾಗಿ ಸವೆಯಿಸುವುದು. ಜಿಡ್ಡು ಹೋದ ಕೂದಲು ಮತ್ತಷ್ಟು ನೀರನ್ನು ಹೀರುವುದು. ಹೀರಿದ ನೀರಿನೊಡನೆ ಮತ್ತಷ್ಟು ಕ್ಲೋರೀನು ಒಳಹೊಗುವುದು. ಬಯಲಿನ ಕೊಳವಾದರೆ ಬಿಸಿಲೂ ತನ್ನ ಪಾಲನ್ನು ಸೇರಿಸುವುದು.

ಪಾಶ್ಚಾತ್ಯರ ಹೊಂಬಣ್ಣದ ಕೂದಲು ಈಜಿನಿಂದ ಹಸುರಾಗುವುದೆಂದು ಕೇಳಿದವರುಂಟು. ಅದಕ್ಕೆ ಕಾರಣ ಕ್ಲೋರೀನಲ್ಲ, ನೀರಿನಲ್ಲಿ ಕರಗಿರುವ ತಾಮ್ರ. ಕೊಳವೆಗಳಿಂದಲೋ, ಪಾಚಿ ಕಟ್ಟದಿರಲೆಂದು ಹಾಕುವ ಮೈಲುತುತ್ತದಿಂದಲೋ ಬಂದ ತಾಮ್ರವು ಸವೆದ ಕೂದಲಿಗೆ ಅಂಟಿಕೊಂಡು, ತಾಮ್ರದ ಪಾತ್ರೆ ಕಿಲುಬು ಹಿಡಿದಂತೆ, ಹಸುರಾಗಿ ಕಾಣುವುದು. ನಮ್ಮವರ ಕಪ್ಪು ಕೂದಲಿನಲ್ಲಿ ಈ ಬಣ್ಣ ಕಾಣದು. ಆದರೆ ಬಣ್ಣ ಹಾಕಿದ ಕೂದಲಿನವರು ಎಚ್ಚರವಾಗಿರುವುದು ಒಳ್ಳೆಯದು. ಬಣ್ಣ ಹಾಕುವುದರಿಂದಲೇ ಒಮ್ಮೆ ಹೆಂಚೆದ್ದ ಕೂದಲನ್ನು ಈಜುಕೊಳದ ನೀರು ಬೇಗನೆ ಹಿಡಿಯುವುದು.

ಈಗ ಉಪಾಯಗಳನ್ನು ಹೇಳುವೆವು. ಮೊದಲನೆಯದು ಎಲ್ಲಕ್ಕಿಂತ ಅಗ್ಗವಾದುದು: ಕೊಳಕ್ಕೆ ಇಳಿಯುವ ಮುನ್ನ ತಲೆಯನ್ನು ಒಳ್ಳೆಯ ನೀರಿನಲ್ಲಿ ಚೆನ್ನಾಗಿ ನೆನೆಸುವುದು. ಒಣಗಿದ ಅರಿವೆಯು ಶಾಯಿಯನ್ನು ಹೀರುವಷ್ಟು ಬೇಗ ನೆನೆದ ಅರಿವೆಯು ಹೀರದು. ಕೂದಲಿಗೂ ಇದೇ ನ್ಯಾಯ. ಒಳ್ಳೆಯ ನೀರಿನಿಂದ ಹೊಟ್ಟೆ ತುಂಬಿದ ಎಳೆಯಲ್ಲಿ ಕೊಳದ ನೀರಿಗೆ ಸ್ಥಳ ಕಡಿಮೆ. ಇಳಿಯುವ ಮುನ್ನ ಮೀಯಬೇಕೆಂಬ ನಿಯಮವನ್ನು ಈಜುಕೊಳಗಳವರು ಬರೆದು ಹಾಕಿರುವುದು ನೀರಿನ ಶುಚಿಗಾಗಿ. ಅದು ಕೂದಲಿಗೂ ಹಿತ.

ಎರಡನೆಯದು ಕೊಬ್ಬರಿಎಣ್ಣೆ. ತಿಪಟೂರಿನ ಕೊಬ್ಬರಿಯ ಜಿಲ್ಲೆಯವರಿಗೆ ನಾವು ಎಣ್ಣೆಯ ಮಹಿಮೆಯನ್ನು ಹೇಳಹೊರಡುವುದು ಕುಂಬಾರನಿಗೆ ಮಡಕೆ ಮಾರಿದಂತಾದೀತು. ಆದರೂ ಕಾರಣವನ್ನು ತಿಳಿದು ಹಚ್ಚುವುದು ಬೇರೆ. ೨೦೦೩ರಲ್ಲಿ ಮುಂಬಯಿಯ ಸಂಶೋಧಕರಿಬ್ಬರು ಕೊಬ್ಬರಿಎಣ್ಣೆ, ಸೂರ್ಯಕಾಂತಿಯ ಎಣ್ಣೆ, ಖನಿಜ ತೈಲ ಈ ಮೂರನ್ನೂ ಕೂದಲಿಗೆ ಹಚ್ಚಿ ಹೋಲಿಸಿದ ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ತೊಳೆಯುವಾಗ ಕೂದಲಿನಿಂದ ಸಸಾರಜನಕವು ನಷ್ಟವಾಗುವುದನ್ನು ಗಮನಾರ್ಹವಾಗಿ ತಗ್ಗಿಸಿದುದು ಕೊಬ್ಬರಿಎಣ್ಣೆಯೊಂದೇ. ಇದರಲ್ಲಿ ಹೆಚ್ಚಾಗಿರುವ ಲಾರಿಕ್ ಆಮ್ಲದ ಕಣಗಳು ಚಿಕ್ಕವಾಗಿ ನೀಳವಾಗಿ ಇರುವುದರಿಂದ ಎಳೆಯ ಒಳಗೆ ಹೊಗುವುವು. ಉಳಿದೆರಡು ಎಣ್ಣೆಗಳು ಮೇಲೆಯೇ ನಿಲ್ಲುವುವು. ಒಳಹೊಕ್ಕ ಎಣ್ಣೆಯು ನೀರನ್ನು ಅಷ್ಟಾಗಿ ಹೀರಗೊಡದು, ಹೀರದಿದ್ದರೆ ಉಬ್ಬದು. ನಮ್ಮ ತಾಯಿಯವರಿಗೆ ಇದನ್ನು ಓದಿ ಹೇಳಿದಾಗ ಅವರು, “ಇದನ್ನ ತಿಳಿಯೋದಕ್ಕೆ ಅವರು ಪರೀಕ್ಷೆ ಬೇರೆ ಮಾಡಬೇಕಾಯಿತೆ?” ಎಂದು ನಕ್ಕರು. ಆದರೆ ಅಂದಿನಿಂದ ಅವರು ವಿರೋಧಪಕ್ಷವನ್ನು ಬಿಟ್ಟು ನಮ್ಮ ಕಡೆಗಾದರು. ಎಣ್ಣೆಯ ಬಟ್ಟಲು ಅವರ ವಶವಾಯಿತು.

ಎಣ್ಣೆಯನ್ನು ಹಚ್ಚುವುದಕ್ಕೂ ಕ್ರಮವುಂಟು. ನೆತ್ತಿಯಿಂದ ಸುರಿಯುವಷ್ಟು ಹಾಕಿಕೊಂಡು ಕೊಳಕ್ಕಿಳಿದರೆ ನೀರಿನ ಮೇಲೆ ಜಿಡ್ಡು ತೇಲಿ ಇತರರಿಗೆ ತೊಂದರೆಯಾಗುವುದು. ಎಷ್ಟೋ ಕೊಳಗಳಲ್ಲಿ ಇದಕ್ಕೆ ನಿಷೇಧವಿರುವುದು. ಆ ನಿಷೇಧ ನ್ಯಾಯವಾದುದು. ಹಿಂದಿನ ರಾತ್ರಿ ಒಂದೆರಡು ಚಮಚದಷ್ಟು ಎಣ್ಣೆಯನ್ನು ಅಂಗೈಯಲ್ಲಿ ಬೆಚ್ಚಗೆ ತಿಕ್ಕಿಕೊಂಡು, ಜಡೆಯ ನಡುವಿನಿಂದ ತುದಿಯವರೆಗೆ ಎಳೆಎಳೆಗೂ ತಾಗುವಂತೆ ಹಚ್ಚಿ ಬಿಡಬೇಕು. ಬೆಳಗಿನ ಹೊತ್ತಿಗೆ ಒಳಹೋಗಬೇಕಾದುದು ಒಳಹೋಗಿರುವುದು. ಮಿಕ್ಕುದನ್ನು ಅರಿವೆಯಿಂದ ಒತ್ತಿ ತೆಗೆದು, ಕೊಳದ ಪಕ್ಕದ ಸ್ನಾನದ ನೀರಿನಲ್ಲಿ ತೊಳೆದುಕೊಳ್ಳಬಹುದು. ನಮ್ಮ ಹುಡುಗಿಯ ಈಜಿನ ಗುರುಗಳು ಈ ಕ್ರಮವನ್ನು ಕೇಳಿ ಒಪ್ಪಿಕೊಂಡರು.

ಮೂರನೆಯದು ಟೋಪಿ. ಈಜಿನ ಟೋಪಿಯು ಕೂದಲನ್ನು ಒಣಗಿಸಿಡುವುದೆಂದು ತಿಳಿದು ಕೊಂಡವರು ಅದು ನೆನೆದುದನ್ನು ಕಂಡು ಬೇಸರಪಡುವುದುಂಟು. ಅಂಚಿನಿಂದ ನೀರು ಒಳಗೆ ಬಂದೇ ಬರುವುದು. ಆದರೆ ಒಳಗೆ ಬಂದ ಒಂದಿಷ್ಟು ನೀರು ಬೇರೆ, ಗಂಟೆಯ ಕಾಲ ಹೊಸ ಹೊಸ ನೀರಿನಲ್ಲಿ ಕೂದಲು ಅಲೆದಾಡುವುದು ಬೇರೆ. ಬಟ್ಟೆಯ ಟೋಪಿಗಿಂತ ಸಿಲಿಕೋನಿನದು ಮೇಲು. ರಬ್ಬರಿನದು ಎಣ್ಣೆ ತಾಗಿದರೆ ಬೇಗ ಕೆಡುವುದಲ್ಲದೆ ಕೂದಲನ್ನು ಕಿತ್ತು ಎಳೆಯುವುದು. ಉದ್ದಗೂದಲಿನವರು ನೆತ್ತಿಯ ಮೇಲೆ ದೊಡ್ಡ ತುರುಬು ಕಟ್ಟಿ ಅದರ ಮೇಲೆ ಟೋಪಿಯನ್ನು ತುರುಕಿದರೆ ಅದು ಜಾರಿಹೋಗುವುದು. ಎರಡು ಜಡೆ ಹೆಣೆದು, ತಲೆಯ ಹಿಂಭಾಗಕ್ಕೆ ಚಪ್ಪಟೆಯಾಗಿ ಸುತ್ತಿ, ಪಿನ್ನು ಹಾಕದೆ ಬಟ್ಟೆಯ ಪಟ್ಟಿಯಿಂದ ಕಟ್ಟಿ, ಉದ್ದಗೂದಲಿಗೆಂದೇ ಮಾಡಿದ ಅಗಲವಾದ ಟೋಪಿಯನ್ನು ಹಾಕಿದರೆ ನಿಲ್ಲುವುದು. ಹೆಣೆದ ಕೂದಲು ಸಿಕ್ಕಾಗದು. ತುದಿಗಳು ಒಳಗೆ ಅಡಗಿರುವುವು.

ಟೋಪಿಯ ಗಾತ್ರವು ಅಲ್ಪ ವಿಷಯವೆಂದು ಯಾರೂ ನಗದಿರಲಿ. ಆಫ್ರಿಕಾ ಮೂಲದ ಸ್ತ್ರೀಯರ ದಟ್ಟವಾದ ಗುಂಗುರು ಕೂದಲು ಸಾಮಾನ್ಯ ಟೋಪಿಯಲ್ಲಿ ಹಿಡಿಯದೆ, ಅವರಲ್ಲಿ ಅನೇಕರು ಈಜಿನಿಂದಲೇ ದೂರವಿರಬೇಕಾಗಿದ್ದುದು ಇಂಗ್ಲೆಂಡು ಅಮೇರಿಕಗಳಲ್ಲಿ ಬಹುಕಾಲದ ದೂರು. ಅಂಥ ಕೂದಲಿಗೆಂದು ಮಾಡಿದ ದೊಡ್ಡ ಟೋಪಿಯನ್ನು ಅಂತಾರಾಷ್ಟ್ರೀಯ ಈಜು ಸಂಘವು ೨೦೨೧ರಲ್ಲಿ, ಅದು ತಲೆಯ ಸಹಜವಾದ ಆಕಾರಕ್ಕೆ ಒಪ್ಪುವುದಿಲ್ಲವೆಂದು ಹೇಳಿ, ತಳ್ಳಿಹಾಕಿತು. ಟೋಕಿಯೋವಿನ ಒಲಿಂಪಿಕ್ ಕ್ರೀಡೆಗಳು ಆಗ ಸಮೀಪಿಸಿದ್ದುವು. ಬ್ರಿಟನ್ನಿನ ಪರವಾಗಿ ಒಲಿಂಪಿಕ್ಕಿನಲ್ಲಿ ಈಜಿದ ಮೊದಲನೆಯ ಕಪ್ಪು ಮಹಿಳೆ ಆಲಿಸ್ ಡಿಯರಿಂಗ್ ಅವರು ನೀರಿಗಿಳಿದುದು ಆ ಕ್ರೀಡೆಗಳಲ್ಲಿಯೇ. ಎಲ್ಲ ಕಡೆಯಿಂದಲೂ ಆಕ್ಷೇಪಣೆಗಳು ಬಂದ ಬಳಿಕ ೨೦೨೨ರಲ್ಲಿ ಆ ಟೋಪಿಗೆ ಒಪ್ಪಿಗೆ ದೊರೆಯಿತು. ಯಾರ ತಲೆಯ ಆಕಾರವು ಸಹಜವೆಂಬ ಪ್ರಶ್ನೆ ಅಷ್ಟು ದೂರ ಹೋಯಿತು. ಕೂದಲಿನ ಕಾರಣದಿಂದ ನೀರಿಗೆ ದೂರವಾದ ಹೆಣ್ಣುಮಕ್ಕಳು ನಮ್ಮಲ್ಲಿ ಮಾತ್ರವೇ ಇರುವರೆಂದು ತಿಳಿಯಬೇಕಿಲ್ಲ.

ನಾಲ್ಕನೆಯದು ಈಜಿದ ಮೇಲಿನ ಕೆಲಸ. ಕೊಳದಿಂದ ಬಂದೊಡನೆ, ಮನೆಗೆ ಹೋಗಿ ಮೀಯೋಣವೆಂದು ಕಾಯದೆ, ಅಲ್ಲಿಯೇ ಒಳ್ಳೆಯ ನೀರಿನಲ್ಲಿ ಕೂದಲನ್ನು ತೊಳೆಯಬೇಕು. ಕ್ಲೋರೀನಿನ ನೀರು ಕೂದಲಿನಲ್ಲಿ ಒಣಗಿದಷ್ಟೂ ಕೇಡು. ಆಮೇಲೆ ಮನೆಯಲ್ಲಿ ತಲೆಗೆ ಏನನ್ನು ಹಾಕಬೇಕೆಂಬ ಪ್ರಶ್ನೆ. ನಮ್ಮ ಕಡೆ ಕೊಳವೆಬಾವಿಯ ನೀರು ಬಹುಮಟ್ಟಿಗೆ ಗಡಸು. ಗಡಸು ನೀರಿನಲ್ಲಿ ಸಾಬೂನು ನೊರೆಗಟ್ಟದೆ ಅಂಟಾದ ಬಿಳಿಯ ಗಸಿಯನ್ನು ಕೂದಲಿನ ಮೇಲೆ ಬಿಡುವುದು. ಸಾಬೂನಿನ ಕ್ಷಾರಗುಣದಿಂದ ಹೆಂಚುಗಳೂ ಏಳುವುವು. ಸೀಗೆಕಾಯಿಯ ರಸವು ತುಸು ಹುಳಿಯ ಗುಣದ್ದು. ಅದರ ನೊರೆಗೆ ಸಾಬೂನಿನ ಈ ದೋಷವಿಲ್ಲ. ಆದರೆ ಸೀಗೆಪುಡಿಯನ್ನು ಒರಟಾಗಿ ತಿಕ್ಕಿದರೆ ಅದರ ಚೂರುಗಳೇ ನೆನೆದ ಕೂದಲನ್ನು ಉಜ್ಜುವುವು. ಆದುದರಿಂದ ಪುಡಿಯನ್ನು ನೆನೆಹಾಕಿ, ಕಿವುಚಿ, ಬಟ್ಟೆಯಲ್ಲಿ ಶೋಧಿಸಿದ ರಸವನ್ನು ಮಾತ್ರ ಉಪಯೋಗಿಸಬೇಕು. ಚಿಗರೆಪುಡಿಗೂ ಇದೇ ಕ್ರಮ. ಅಂಟುವಾಳವು ಕಣ್ಣಿಗೆ ಬಿದ್ದರೆ ಬಹಳ ಉರಿಯುವುದರಿಂದ ಮಕ್ಕಳಿಗೆ ಹಾಕುವಾಗ ಜೋಕೆ. ಸೌಮ್ಯವಾದ ಶಾಂಪೂವನ್ನು ಉಪಯೋಗಿಸುವವರು ನೆತ್ತಿಗೆ ಮಾತ್ರ ತಿಕ್ಕಿ, ಇಳಿದ ನೊರೆಯಿಂದಲೇ ಜಡೆಯನ್ನು ತೊಳೆದುಕೊಂಡು, ಮೇಲೆ ಕಂಡೀಷನರನ್ನು ತುದಿಗಳಿಗೆ ಹಚ್ಚಿಕೊಳ್ಳುವುದು ಲೇಸು.

ಕಡೆಯ ಚೊಂಬಿನ ನೀರಿಗೆ ಅರ್ಧ ಹೋಳು ನಿಂಬೆಹಣ್ಣಿನ ರಸವನ್ನು ಹಿಂಡಿಕೊಂಡು ಜಡೆಗೆ ಸುರಿದರೆ ಎರಡು ಪ್ರಯೋಜನಗಳುಂಟು. ಹುಳಿಯಿಂದ ಹೆಂಚುಗಳು ಮತ್ತೆ ಕೆಳಗೆ ಕುಳಿತುಕೊಳ್ಳುವುವು. ನಿಂಬೆಯಲ್ಲಿರುವ ‘ಸಿ’ ಜೀವಸತ್ತ್ವವು ಉಳಿದ ಕ್ಲೋರೀನನ್ನು ಅಡಗಿಸುವುದು. ಆದರೆ ಇದು ಹೆಚ್ಚಾಗಬಾರದು. ಸುರಿದ ಬಳಿಕ ಬಿಸಿಲಿಗೆ ಹೋಗದೆ, ಬರಿಯ ನೀರನ್ನೊಮ್ಮೆ ಹಾಕಿಕೊಳ್ಳಬೇಕು. ತಲೆಯಲ್ಲಿ ಗಾಯವೋ ಹುಣ್ಣೋ ಇದ್ದವರು ಇದನ್ನು ಬಿಡಬೇಕು. ಮಳೆಯ ನೀರನ್ನು ಸೂರಿನಿಂದ ಹಿಡಿದಿಡುವ ಮನೆಗಳವರು ಅದನ್ನು ತಲೆಸ್ನಾನಕ್ಕೆಂದು ಮೀಸಲಿಟ್ಟರೆ ಅದಕ್ಕಿಂತ ಮೃದುವಾದ ನೀರು ಇನ್ನೊಂದಿಲ್ಲ.

ಐದನೆಯದು ಒಣಗಿಸುವುದು. ಒದ್ದೆಯ ಕೂದಲು ರಬ್ಬರಿನಂತೆ ಹಿಗ್ಗುವುದು. ಹಿಗ್ಗಿಸಿ ಎಳೆದರೆ ಮತ್ತೆ ಮೊದಲಿನ ಬಲಕ್ಕೆ ಬಾರದೆ ಕಡಿಯುವುದು. ಆದುದರಿಂದ ಅರಿವೆಯಿಂದ ಬಡಿದು ಜಾಡಿಸುವ ನಮ್ಮ ಹಳೆಯ ಅಭ್ಯಾಸವನ್ನು ಈಜುವ ಹುಡುಗಿಯರ ಮಟ್ಟಿಗೆ ಬಿಡಬೇಕು. ಮೆತ್ತನೆಯ ಹತ್ತಿಯ ಪಂಚೆಯಲ್ಲಿ ಒತ್ತಿ ನೀರನ್ನು ತೆಗೆದು, ಅರ್ಧ ಆರಿದ ಮೇಲೆ, ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದಾರಂಭಿಸಿ ಮೇಲಕ್ಕೆ ಸಿಕ್ಕು ಬಿಡಿಸುತ್ತ ಬರಬೇಕು. ಒದ್ದೆ ಜಡೆಯನ್ನು ಹಾಗೆಯೇ ಹೆಣೆದು ಶಾಲೆಗೆ ಕಳುಹಿಸಿದರೆ ಸಂಜೆಯವರೆಗೂ ಬುಡ ಆರದೆ ವಾಸನೆಯೂ ಹೊಟ್ಟೂ ಉಂಟಾಗುವುವು. ಬಿಸಿಗಾಳಿಯ ಯಂತ್ರವನ್ನು ದಿನವೂ ಹಿಡಿಯುವುದಕ್ಕಿಂತ ಬೆಳಗಿನ ಗಾಳಿ ಉತ್ತಮ. ಸಾಂಬ್ರಾಣಿಯ ಹೊಗೆ ಹಾಕುವ ಮನೆಗಳವರು ದೂರದಿಂದ ಹಾಕಲಿ. ಕೆಂಡದ ಕಾವು ಹತ್ತಿರ ತಗಲಬಾರದು.

ತಾಯಂದಿರು ಕೇಳುವ ಇನ್ನೊಂದು ಪ್ರಶ್ನೆ ಹೇನಿನದು. ಹೇನು ಕೊಳದ ನೀರಿನಿಂದ ಸಾಯದು, ಕ್ಲೋರೀನಿಗೂ ಜಗ್ಗದು. ಆದರೆ ಅದು ನೀರಿನಲ್ಲಿರುವಾಗ ಕೂದಲನ್ನು ಬಿಗಿಯಾಗಿ ಹಿಡಿದುಕೊಂಡಿರುವುದರಿಂದ ನೀರಿನ ಮೂಲಕ ಹರಡುವ ಸಂಭವ ಕಡಿಮೆ. ಬಟ್ಟೆ ಬದಲಿಸುವ ಕೋಣೆಯಲ್ಲಿ ಒಬ್ಬರ ಬಾಚಣಿಗೆ, ಟವಲು, ಟೋಪಿಗಳನ್ನು ಇನ್ನೊಬ್ಬರು ಉಪಯೋಗಿಸುವುದೇ ಅದರ ಹಾದಿ. ಮಗುವಿನ ಚೀಲದಲ್ಲಿ ಇವು ಮೂರೂ ಸ್ವಂತದ್ದಾಗಿದ್ದರೆ ಸಾಕು.

ಊರ ಬಾವಿಯಲ್ಲಿಯೋ ತೋಟದ ತೊಟ್ಟಿಯಲ್ಲಿಯೋ, ಹಿರಿಯರ ಕಾವಲಿನಲ್ಲಿ, ಸೊಂಟಕ್ಕೆ ಬೆಂಡು ಅಥವಾ ಸೋರೆಬುರುಡೆ ಕಟ್ಟಿಕೊಂಡು ಕಲಿಯುವ ಕ್ರಮವು ಹಳ್ಳಿಗಳಲ್ಲಿತ್ತು. ಅಂಥ ನೀರಿನಲ್ಲಿ ಕ್ಲೋರೀನಿನ ತೊಂದರೆಯಿಲ್ಲದಿದ್ದರೂ ಕೆಸರು, ಪಾಚಿ, ರೋಗಬೀಜಗಳ ತೊಂದರೆಯುಂಟು. ಅಲ್ಲಿ ಈಜಿದವರು ತಲೆಯನ್ನು ಒಳ್ಳೆಯ ನೀರಿನಲ್ಲಿ ತೊಳೆಯದೆ ಜಡೆ ಹಾಕಕೂಡದು. ಕರಾವಳಿಯವರಿಗೆ ಉಪ್ಪುನೀರು, ಅದು ಒಣಗಿದರೆ ಕೂದಲಿನ ತೇವವನ್ನು ಸೆಳೆದು ಒರಟು ಮಾಡುವುದು. ನೆನೆಸುವುದು, ಎಣ್ಣೆ, ತೊಳೆಯುವುದು, ಈ ಮೂರು ಎಲ್ಲ ಕಡೆಗೂ ಒಂದೇ.

ಇಷ್ಟನ್ನೂ ನಮ್ಮ ಮನೆಯಲ್ಲಿ ಎರಡು ತಿಂಗಳು ನಡೆಸಿದೆವು. ವಾರಕ್ಕೆ ನಾಲ್ಕು ದಿನ ಈಜು. ನಾಲ್ಕು ರಾತ್ರಿ ಎಣ್ಣೆ. ಫಲವನ್ನು ಇದ್ದಂತೆ ಹೇಳಬೇಕಲ್ಲವೆ? ಕೂದಲಿಗೆ ಏನೂ ಆಗಲಿಲ್ಲವೆಂದು ನಾವು ಹೇಳೆವು. ತುದಿಗಳು ಅಲ್ಲಲ್ಲಿ ಸೀಳಿದ್ದುವು; ಹೊಳಪು ಸ್ವಲ್ಪ ಕುಂದಿತ್ತು. ಶಾಲೆ ತೆರೆಯುವ ಮುನ್ನ ತುದಿಯಲ್ಲಿ ಎರಡು ಅಂಗುಲದಷ್ಟನ್ನು ಕತ್ತರಿಸಿದರು. ಕತ್ತರಿಯನ್ನು ಹಿಡಿದವರು ನಮ್ಮ ತಾಯಿಯವರೇ. ಕತ್ತರಿಸಿದುದನ್ನು ಅಳೆದು ನೋಡಿ, “ಎರಡಂಗುಲ ಹೋಯಿತು. ನಾಲ್ಕು ತಿಂಗಳಲ್ಲಿ ಬಂದುಬಿಡುತ್ತೆ, ಬಿಡೇ ಪುಟ್ಟಿ” ಎಂದರು. ಹುಡುಗಿಯು ಈಗ ಕೊಳದ ಅಗಲವನ್ನು ನಿಲ್ಲದೆ ದಾಟುವಳು; ಬೆನ್ನ ಮೇಲೆ ಮಲಗಿ, ಕೈಕಾಲು ಆಡಿಸದೆ, ಹತ್ತು ನಿಮಿಷ ತೇಲುವಳು. ನಮ್ಮ ದೃಷ್ಟಿಯಲ್ಲಿ ದಾಟುವುದಕ್ಕಿಂತ ತೇಲುವುದೇ ದೊಡ್ಡದು.

ಬೆಂಗಳೂರಿನ ನಿಶಾ ಮಿಲೆಟ್ ಅವರು ಬಾಲ್ಯದಲ್ಲಿ ಒಮ್ಮೆ ಮುಳುಗಿ ಬದುಕಿಕೊಂಡವರು. ಆಮೇಲೆ ಈಜು ಕಲಿತು ೨೦೦೦ದಲ್ಲಿ ಸಿಡ್ನಿಯ ಒಲಿಂಪಿಕ್ ಕ್ರೀಡೆಗಳಲ್ಲಿ ಭಾರತದ ಪರವಾಗಿ ಸ್ಪರ್ಧಿಸಿದರು. ೨೦೦೪ರಲ್ಲಿ ಅಥೆನ್ಸಿಗೆ ಶಿಖಾ ಟಂಡನ್ ಹೋದರು. ೨೦೨೪ರಲ್ಲಿ ಪ್ಯಾರಿಸಿಗೆ ಹೋದ ಧಿನಿಧಿ ದೇಸಿಂಗುವಿಗೆ ಆಗ ಹದಿನಾಲ್ಕೇ ವರ್ಷ. ನಮ್ಮ ಮನೆಯ ಹುಡುಗಿಯರೆಲ್ಲರೂ ಅಷ್ಟು ದೂರ ಹೋಗಬೇಕಿಲ್ಲ. ಮನೆಯ ಹಿಂದಿನ ಕೆರೆಯಿಂದ ಬದುಕಿ ಬಂದರೆ ಸಾಕು.

ಬರುವ ಬೇಸಗೆಗೆ ಮುನ್ನ ನಮ್ಮ ವಾಚಕರು ತಮ್ಮ ಊರಿಗೆ ಸಮೀಪದ ಈಜುಕೊಳದಲ್ಲಿ ಹೆಣ್ಣುಮಕ್ಕಳಿಗೆ ಯಾವ ಹೊತ್ತು, ಕಲಿಸುವವರು ಯಾರು, ಕಾವಲಿಗೆ ಯಾರಿರುವರು ಎಂಬುದನ್ನು ವಿಚಾರಿಸಿಕೊಳ್ಳಲಿ. ಅಗಲವಾದ ಟೋಪಿಯೊಂದು, ಅಗಲ ಹಲ್ಲಿನ ಬಾಚಣಿಗೆಯೊಂದು, ಬಟ್ಟಲು ಕೊಬ್ಬರಿಎಣ್ಣೆ, ಇವಿಷ್ಟೇ ಸಾಮಗ್ರಿ. ಎಣ್ಣೆ ಹಚ್ಚುವ ಕೆಲಸವನ್ನು ಅಜ್ಜಿಯರಿಗೇ ಒಪ್ಪಿಸಬೇಕೆಂಬುದು ನಮ್ಮ ಅನುಭವದ ಸಲಹೆ. ಹಾಗೆ ಮಾಡಿದರೆ ಕೂದಲಿಗೆ ಕಾವಲಾಗುವುದು, ಮನೆಯಲ್ಲಿ ವಿರೋಧವೂ ಉಳಿಯದು. ಮಾರ್ಕೋನಹಳ್ಳಿಯಂಥ ಜಲಾಶಯಗಳನ್ನು ನೋಡಲು ಹೋದಾಗ ಮಾತ್ರ, ಮಗುವಿಗೆ ಎಷ್ಟೇ ಈಜು ಬರಲಿ, ದಡದಲ್ಲಿಯೇ ಅವಳ ಕೈಯನ್ನು ಹಿಡಿದುಕೊಂಡಿರಿ.